ಒಂದೇ ಬಟ್ಟೆಯ ಮೂವರು

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಗುಂಡುಸೂಜಿ ಎಂದೇ ಕರೆಯುವುದು. ಹೊಲಿಗೆ ಅಂಗಡಿಯಲ್ಲಿ ಕೂತಳೆಂದರೆ ಅವಳ ತುಟಿಗಳ ನಡುವೆ ಸದಾ ಗುಂಡುಸೂಜಿಗಳಿರುತ್ತವೆ. ಮಾತೇನಿದ್ದರೂ ಬಾಯಿಯ ಒಂದು ಮೂಲೆಯಿಂದಲೇ ಹೊರಬೀಳಬೇಕು. ಹೊಸಬರಿಗೆ ಅದು ಬೈದ ಹಾಗೆ ಕೇಳಿಸುತ್ತದೆ. ನಿಜವಾಗಿ ಬೈಯುವವಳು ನಾನು, ಪಕ್ಕದ ಇಸ್ತ್ರಿ ಅಂಗಡಿಯವಳು. ಅವಳು ಹೊಲಿದದ್ದು ನನ್ನ ಮೇಜಿನ ಮೇಲೆ ಹಾದೇ ಗಿರಾಕಿಯ ಕೈಸೇರುತ್ತದೆ. ನಮ್ಮಿಬ್ಬರ ನಡುವೆ ಇರುವುದು ಒಂದು ತೆಳು ಹಲಗೆ. ಅತ್ತ ಅವಳು ಸೀನಿದರೆ ಇತ್ತ ನಾನು ಮೂಗು ಒರೆಸಿಕೊಳ್ಳಬೇಕು, ಅಷ್ಟು ಹತ್ತಿರ.

ಕೆಲಸದಲ್ಲಿ ಅವಳಿಗೊಂದು ಹುಚ್ಚು. ಗಿರಾಕಿ ತಂದ ಬಟ್ಟೆಯಲ್ಲಿ ಅಂಗೈಯಗಲದ ಚೂರು ಉಳಿದರೂ ಅದನ್ನು ಮಡಿಸಿ, ಹೊಲಿದ ಅಂಗಿಯ ಜೊತೆಗಿಟ್ಟು ವಾಪಸು ಕೊಡುತ್ತಾಳೆ. ಬೇರೆ ದರ್ಜಿಗಳು ಇಂಥ ಚೂರುಗಳಲ್ಲೇ ತಮ್ಮ ಮನೆಯ ಮಕ್ಕಳಿಗೆಲ್ಲ ಬಟ್ಟೆ ಹೊಲಿದು ಮುಗಿಸುತ್ತಾರೆ. ಇವಳು ಕೊಟ್ಟದ್ದನ್ನು ಗಿರಾಕಿಗಳು ಮನೆಗೆ ಹೋಗಿ ಕಸಕ್ಕೆ ಹಾಕುತ್ತಾರೆ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಹಾಕಲಿ, ಅವರ ಬಟ್ಟೆ, ಅವರಿಷ್ಟ, ಎನ್ನುತ್ತಾಳೆ ಬಾಯಿಯ ಮೂಲೆಯಿಂದ. ಹೇಳಿದರೆ ಕೇಳುವ ಪೈಕಿಯವಳಲ್ಲ.

ಅವಳಿಗೆ ಮಕ್ಕಳಾಗಲಿಲ್ಲ. ಮನೆಯಲ್ಲಿದ್ದ ಪುಟ್ಟಿ ಅವಳ ತಂಗಿಯ ಮಗಳು. ತಂಗಿಯ ಗಂಡ ಬಿಟ್ಟುಹೋದ ಮೇಲೆ ಆಕೆ ಬೇರೆ ಊರಿನಲ್ಲಿ ಕೆಲಸ ಹುಡುಕಿಕೊಂಡಳು. ಇನ್ನೂ ಹಲ್ಲು ಮೂಡದ ಕೂಸನ್ನು ಅಕ್ಕನ ಮಡಿಲಿಗೆ ಹಾಕಿ ಹೋದಳು. ಸ್ವಲ್ಪ ದಿನದ ಮಟ್ಟಿಗೆ ಎಂದಿದ್ದಳು. ಆ ಸ್ವಲ್ಪ ದಿನದಲ್ಲಿ ಕೂಸಿಗೆ ಹಲ್ಲು ಬಂತು, ನಡಿಗೆ ಬಂತು, ಹಠವೂ ಬಂತು.

ಗುಂಡುಸೂಜಿಯ ಗಂಡ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಾನೆ. ಆ ಮನುಷ್ಯ ಬಾಯಿಗಿಂತ ಹಾರನ್ನನ್ನೇ ಹೆಚ್ಚು ಬಳಸುವುದು. ಭಾನುವಾರ ಬೆಳಿಗ್ಗೆ ವ್ಯಾನು ಬಾಗಿಲಿಗೆ ಬಂದು ಒಮ್ಮೆ ಹಾರನ್ ಹೊಡೆದರೆ ಮೂವರೂ ಕೆರೆಯ ಪಕ್ಕದ ಪಾರ್ಕಿಗೆ ಹೊರಟರು ಎಂದರ್ಥ. ಮೂವರ ಮೈಮೇಲೂ ಒಂದೇ ಬಟ್ಟೆ. ಅವಳು ಒಂದು ಥಾನಿನಿಂದ ಕತ್ತರಿಸಿ ಗಂಡನಿಗೆ ಶರ್ಟು, ತನಗೆ ಮೇಲಂಗಿ, ಪುಟ್ಟಿಗೆ ಫ್ರಾಕು ಹೊಲಿಯುತ್ತಿದ್ದಳು. ಹಳದಿ ಹೂವಿನದ್ದು, ನೀಲಿ ಗೆರೆಯದ್ದು, ಒಮ್ಮೆಯಂತೂ ಕೆಂಪು ಚುಕ್ಕೆಯದ್ದು. ಕೆಂಪು ಚುಕ್ಕೆಯ ಶರ್ಟು ತೊಟ್ಟ ಆ ಗಂಡಸಿನ ಮುಖ ನೀವು ನೋಡಬೇಕಿತ್ತು. ಎಲ್ಲಿ ಬ್ಯಾಂಡು ಬಾರಿಸೋಕೆ ಹೊರಟ್ರಿ ಎಂದು ನಾನು ಅಂಗಡಿಯಿಂದಲೇ ಕೇಳುತ್ತಿದ್ದೆ. ಗುಂಡುಸೂಜಿ ನಗುತ್ತಿರಲಿಲ್ಲ. ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಂಡರೆ ಬಟ್ಟೆ ನೋಡಿ ಯಾರಾದರೂ ತಂದುಕೊಡಬೇಕಲ್ಲ ಎನ್ನುತ್ತಿದ್ದಳು.

ನಾನೂ ಒಂದೆರಡು ಸಲ ಜೊತೆಗೆ ಹೋಗಿದ್ದೇನೆ. ಪಾರ್ಕಿನಲ್ಲಿ ಪುಟ್ಟಿಯದೇ ದರ್ಬಾರು. ಇಳಿದ ಕೂಡಲೇ ಒಂದು ಚಪ್ಪಲಿ ಕಳಚಿ ಎಸೆಯುವುದು, ಬಾತುಗಳಿಗೆ ಬಿಸ್ಕತ್ತು ತೋರಿಸಿ ತಾನೇ ತಿನ್ನುವುದು, ನೀರು ನಿಂತ ಗುಂಡಿ ಕಂಡಲ್ಲೆಲ್ಲ ಹೊಸ ಫ್ರಾಕಿನ ಸಮೇತ ಕೂತುಬಿಡುವುದು. ಫ್ರಾಕು ಹಾಳಾಯಿತೆಂದು ಗುಂಡುಸೂಜಿ ಒಮ್ಮೆಯೂ ಗದರಿದ್ದಿಲ್ಲ. ಮೂವರೂ ಸುಸ್ತಾಗಿ, ಕೆಸರಾಗಿ, ಸಂಜೆ ಹಿಂತಿರುಗುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಒಂದು ವಿಷಯಕ್ಕೆ ಮಾತ್ರ ಅವಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೊಲಿಗೆ ಮಿಷನ್ನಿನ ಎದುರು ಗೋಡೆಗೆ ತಂಗಿಯ ಫೋಟೋ ಅಂಟಿಸಿದ್ದಳು. ಪುಟ್ಟಿ ಮಾತು ಕಲಿಯತೊಡಗಿದಾಗಿನಿಂದ ದಿನಾ ಬೆಳಿಗ್ಗೆ ಅದರ ಮುಂದೆ ನಿಲ್ಲಿಸಿ ಪಾಠ. ಇದು ಯಾರು? ಅಮ್ಮ. ನಾನು ಯಾರು? ದೊಡ್ಡಮ್ಮ. ಮಗು ಹಸಿವಿಗೋ ನಿದ್ದೆಗೋ ಇವಳನ್ನೇ ಅಮ್ಮಾ ಎಂದು ಕರೆದರೆ, ಪಾಪ ಅದರ ಗಲ್ಲ ಹಿಡಿದು ಫೋಟೋದ ಕಡೆ ತಿರುಗಿಸುವಳು. ಎತ್ತಿ ಆಡಿಸುವವಳು ನೀನು, ಅಮ್ಮ ಅಂತ ಕರೆಸಿಕೊಂಡರೆ ನಿನ್ನ ಗಂಟೇನು ಹೋಗುತ್ತದೆ ಎಂದು ನಾನು ಬೈದೆ. ಅವತ್ತು ಅವಳು ಬಾಯಿಂದ ಸೂಜಿಗಳನ್ನು ತೆಗೆದು, ಮೇಜಿನ ಮೇಲಿಟ್ಟು ಹೇಳಿದಳು:

"ಅವಳ ಮಗು ಅಕ್ಕಾ. ಅವಳು ಬಂದಾಗ ಮಗು ಅವಳ ಗುರುತು ಹಿಡೀಲಿಲ್ಲ ಅಂದ್ರೆ ನಾನು ಕದ್ದ ಹಾಗಾಗುತ್ತೆ."

ಚಳಿ ಮುಗಿಯುವ ಹೊತ್ತಿಗೆ ತಂಗಿಯ ಫೋನು ಬಂತು. ತಾನು ಕೆಲಸ ಮಾಡುವಲ್ಲಿಯೇ ಒಬ್ಬನನ್ನು ಮದುವೆಯಾಗಿದ್ದೇನೆ, ಪುಟ್ಟಿಯನ್ನು ಕರೆದುಕೊಂಡು ಹೋಗಲು ಬರುತ್ತೇನೆ ಎಂದಳಂತೆ. ಗುಂಡುಸೂಜಿ ಫೋನಿನಲ್ಲಿ ಒಳ್ಳೇದಾಯ್ತು ಎಂದಳು. ಆಮೇಲೆ ನನ್ನ ಅಂಗಡಿಗೆ ಬಂದು, ಇಸ್ತ್ರಿಗೆ ಇಟ್ಟ ಬಟ್ಟೆಯ ಗುಡ್ಡೆಯ ಮೇಲೆ ಕೂತು ಅತ್ತಳು. ಮಗು ಹೋದರೆ ತಾನು ಉಳಿಯುವುದಿಲ್ಲ ಎಂದಳು. ಇಂಥ ಮಾತನ್ನು ಎಲ್ಲರೂ ಆಡುತ್ತಾರೆ, ಆದರೆ ಅವಳು ಆಡಿದಾಗ ನನಗೆ ಹೆದರಿಕೆಯಾಯಿತು.

ಅತ್ತು ಮುಗಿದ ಮೇಲೆ ಅವಳಿಗೊಂದು ಉಪಾಯ ಹೊಳೆಯಿತು. ತಂಗಿಯನ್ನು ಭಾನುವಾರವೇ ಬರಹೇಳಿ, ಪಾರ್ಕಿಗೆ ಕರೆದೊಯ್ಯುವುದು. ಮಗು ಇಲ್ಲಿ ಹೇಗಿದೆ ಎಂದು ಕಣ್ಣಾರೆ ನೋಡಿದರೆ ಬಿಟ್ಟುಹೋಗುವ ಮನಸ್ಸಾದೀತು. ತಂಗಿಗೆ ಬೇರೆಯವಳೆನ್ನಿಸಬಾರದೆಂದು ಈ ಸಲ ನಾಲ್ವರಿಗೂ ಒಂದೇ ಬಟ್ಟೆ, ತಿಳಿ ಹಸಿರು. ತಂಗಿಗೆ ಉದ್ದನೆಯ ಗೌನು. ಅಳತೆ ಕೇಳಿಯೇ ಇಲ್ಲ; ತಂಗಿಯ ಅಳತೆ ತನಗೆ ಬಾಯಿಪಾಠ ಎಂದಳು.

ತಂಗಿ ಶನಿವಾರ ಸಂಜೆಯೇ ಬಂದಳು. ಪುಟ್ಟಿ ಬಾಗಿಲಲ್ಲಿ ಅವಳನ್ನು ನೋಡಿತು, ಗೋಡೆಯ ಫೋಟೋ ನೋಡಿತು, ಅಮ್ಮ ಎಂದು ಎರಡೂ ಕೈ ಚಾಚಿತು. ತಂಗಿ ಮಗುವನ್ನು ತಬ್ಬಿಕೊಂಡು ಅಳುವಾಗ ಗುಂಡುಸೂಜಿ ಗರ್ವದಿಂದ ನನ್ನ ಕಡೆ ನೋಡಿದಳು. ಕಪಾಳಕ್ಕೆ ಕೊಡೋಣ ಅನ್ನಿಸಿತು ನನಗೆ.

ಗೌನು ಹಾಕಿ ನೋಡಿದರೆ ಸೊಂಟದ ಹತ್ತಿರ ಬಿಗಿ. ಬಾಯಿಪಾಠದ ಅಳತೆ ತಪ್ಪಿತ್ತು. ಸೂಜಿ ಚುಚ್ಚಿ ಸರಿಮಾಡಲು ಕೈಯಾಡಿಸಿದಾಗ ಗುಂಡುಸೂಜಿಗೆ ಗೊತ್ತಾಗಿಹೋಯಿತು. ಎಷ್ಟು ಬಸುರಿಯರಿಗೆ ಹೊಲಿದ ಕೈ ಅದು. ಹೊಲಿಗೆ ಬಿಚ್ಚಿಕೊಡುತ್ತೇನೆಂದು ನೆಪ ಹೇಳಿ ನನ್ನ ಬಳಿ ಓಡಿಬಂದಳು. ಮುಖದಲ್ಲಿ ಬೆಳಕು.

"ಅವಳಿಗೆ ಇನ್ನೊಂದು ಬರ್ತಿದೆ ಅಕ್ಕಾ. ಇನ್ನು ಇದನ್ನ ಯಾಕೆ ಕರ್ಕೊಂಡು ಹೋಗ್ತಾಳೆ ಹೇಳು? ಎರಡೆರಡು ಮಕ್ಕಳನ್ನ ಇಟ್ಕೊಂಡು ಹೊಸ ಮನೇಲಿ ಏನು ಮಾಡ್ತಾಳೆ?"

ಅದು ಸರಿಯಾದ ಲೆಕ್ಕ ಅನ್ನಿಸಿತು. ನಾನೂ ಹೌದೆಂದೆ. ಗೌನಿನ ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ, ಇನ್ನೂ ಹೊಟ್ಟೆ ದೊಡ್ಡದಾದರೂ ಹಿಡಿಸುವಂತೆ ಅವಳು ಹೊಲಿದಳು. ಮಿಷನ್ನಿನ ಸದ್ದಿನ ಜೊತೆಗೆ ಹಾಡು ಗುನುಗುವುದೂ ಹಲಗೆಯಾಚೆಯಿಂದ ಕೇಳಿಸುತ್ತಿತ್ತು.

ಮರುದಿನ ನನ್ನನ್ನೂ ವ್ಯಾನಿಗೆ ಹತ್ತಿಸಿಕೊಂಡರು. ಪುಟ್ಟಿ ಅವತ್ತು ಎಲ್ಲ ಆಟಗಳನ್ನೂ ಆಡಿ ತೋರಿಸಿತು. ಚಪ್ಪಲಿ ಎಸೆಯಿತು, ಬಾತುಗಳಿಗೆ ಮೋಸ ಮಾಡಿತು, ದೊಡ್ಡಪ್ಪನ ಹೆಗಲೇರಿ ಕಿವಿ ಹಿಂಡಿತು. ತಂಗಿ ನೋಡಿ ನೋಡಿ ನಕ್ಕಳು. ಆಮೇಲೆ ಮಗು ಮತ್ತು ದೊಡ್ಡಪ್ಪ ದೋಣಿಯಲ್ಲಿ ಕೂತು ನೀರಿನ ಮಧ್ಯಕ್ಕೆ ಹೋದಾಗ, ದಡದ ಕಲ್ಲುಬೆಂಚಿನ ಮೇಲೆ ನಾವು ಮೂವರೇ ಉಳಿದೆವು. ಗುಂಡುಸೂಜಿ ತಂಗಿಯ ಕೈ ಹಿಡಿದು ಕೇಳಿಯೇಬಿಟ್ಟಳು. ನಿನಗೆ ಇನ್ನೊಂದು ಬರ್ತಿದೆ, ನನಗೆ ಯಾರೂ ಇಲ್ಲ, ಇದನ್ನ ನನಗೇ ಬಿಟ್ಟುಬಿಡು ಎಂದಳು.

ತಂಗಿ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಆಕೆ ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಒಂದಿಷ್ಟು ಬೈದಾದರೂ ಹಗುರಾಗುತ್ತಿದ್ದೆ.

"ಅದಕ್ಕೇ ಅಕ್ಕಾ, ಈಗಲೇ ಕರ್ಕೊಂಡು ಹೋಗ್ತಿರೋದು," ಎಂದಳು. "ಇದು ಹುಟ್ಟೋಕೆ ಮುಂಚೆ ಪುಟ್ಟಿ ಆ ಮನೇಲಿದ್ರೆ ಇಬ್ರೂ ಅವರ ಮಕ್ಕಳೇ ಆಗ್ತಾರೆ. ಇದು ಹುಟ್ಟಿದ ಮೇಲೆ ಬಂದ್ರೆ, ಅವಳು ಯಾವತ್ತೂ ನೆಂಟರ ಮನೆ ಮಗುನೇ. ನಾನು ಹಿಂದೆಮುಂದೆ ನೋಡಿದ್ರೂ ಅವರೇ ಬಿಡಲಿಲ್ಲ, ಹೋಗಿ ಕರ್ಕೊಂಡು ಬಾ ಅಂದ್ರು."

ಹೊಸ ಗಂಡ ಒಳ್ಳೆಯವನು, ತಂಗಿಯ ಮಾತು ಸರಿ, ಮಗುವಿಗೆ ಒಳ್ಳೆಯದು. ಎಲ್ಲವೂ ಸರಿಯಾಗಿದ್ದು ಗುಂಡುಸೂಜಿಯೊಬ್ಬಳೇ ಮುಳುಗಿದಳು. ಅವಳು ತಂಗಿಯ ಕೈ ಬಿಟ್ಟು, ಗೌನು ಸೊಂಟದ ಹತ್ತಿರ ಎಲ್ಲಾದರೂ ಒತ್ತುತ್ತಿದೆಯಾ ಎಂದು ಕೇಳಿದಳು. ಇಲ್ಲ ಅಕ್ಕಾ, ಚೆನ್ನಾಗಿದೆ ಎಂದಳು ತಂಗಿ.

ಸಂಜೆ ಮನೆಗೆ ಬಂದು ಗುಂಡುಸೂಜಿ ಮಗುವಿನ ಬಟ್ಟೆಗಳನ್ನು ಕಟ್ಟತೊಡಗಿದಳು. ಒಂದೊಂದು ಫ್ರಾಕಿನ ಅಂಚಿನಲ್ಲೂ ಒಳಗೆ ಮಡಿಸಿ ಬಿಟ್ಟ ಬಟ್ಟೆಯಿತ್ತು. ಮಗು ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡುವುದು ಹೇಗೆಂದು ತಂಗಿಗೆ ತೋರಿಸಿಕೊಟ್ಟಳು. ತಂಗಿ ಸಂಕೋಚದಿಂದ, ಅವರು ಹೊಸ ಬಟ್ಟೆ ಬೀರು ತುಂಬ ತಂದಿಟ್ಟಿದ್ದಾರೆ, ಇಷ್ಟೊಂದು ಹೊತ್ತುಕೊಂಡು ಹೋಗುವುದು ಕಷ್ಟ ಎಂದಳು. ಅಕ್ಕನ ಮನಸ್ಸು ನೋಯಬಾರದೆಂದು ಎರಡನ್ನು ಮಾತ್ರ ಚೀಲಕ್ಕೆ ಹಾಕಿಕೊಂಡಳು. ಉಳಿದವು ಮಂಚದ ಮೇಲೆ ಉಳಿದವು.

ಬಸ್ ನಿಲ್ದಾಣದಲ್ಲಿ ಪುಟ್ಟಿ ಅಳುತ್ತದೆ ಎಂದು ನಾವೆಲ್ಲ ಹೆದರಿದ್ದೆವು. ಅಳಲಿ ಎಂದು ನಾನು ಒಳಗೊಳಗೇ ಆಸೆಪಟ್ಟೆ. ಒಂದು ಸಲ ರಂಪ ಮಾಡಿ, ಇವಳ ಕೊರಳಿಗೆ ಜೋತುಬಿದ್ದಿದ್ದರೆ ತಂಗಿಯ ಮನಸ್ಸೂ ಅಲುಗುತ್ತಿತ್ತೇನೋ. ಅಮ್ಮನ ಮಡಿಲಲ್ಲಿ ಕಿಟಕಿಯ ಪಕ್ಕ ಕೂತ ಮಗು ಖುಷಿಯಿಂದ ಎಲ್ಲರಿಗೂ ಟಾಟಾ ಮಾಡಿತು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಗುಂಡುಸೂಜಿ ಕೈ ಬೀಸಿದಳು.

ಆ ವಾರ ಅವಳು ಎಂದಿನಂತೆ ಅಂಗಡಿ ತೆರೆದಳು, ಹೊಲಿದಳು, ಚೂರುಗಳನ್ನು ಮಡಿಸಿ ಕೊಟ್ಟಳು. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಹಾರನ್ ಕೇಳಿಸಿದಾಗ ನಾನು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಹೊರಗೆ ಬಂದೆ. ಅವಳು ಬೀಗ ಹಾಕಿ ಬಂದು ಗಂಡನ ಪಕ್ಕದಲ್ಲಿ ಕೂತಳು. ಹೋಗಿಬರಲಿ, ಗಾಳಿಗಾದರೂ ಮನಸ್ಸು ತಿಳಿಯಾದೀತು ಎಂದುಕೊಂಡೆ. ನಾನು ಒಂದು ರಾಶಿ ಬಟ್ಟೆ ಮುಗಿಸುವಷ್ಟರಲ್ಲಿ ವ್ಯಾನು ವಾಪಸು ಬಂತು. ಅವಳು ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಇಷ್ಟು ಬೇಗ ಯಾಕೆ ಬಂದಿರಿ ಎಂದು ನಾನು ಅವಳ ಗಂಡನನ್ನು ಕೇಳಿದೆ. ಅವನು ವ್ಯಾನಿನ ಎಂಜಿನು ಆರಿಸಿದ.

"ಅಲ್ಲಿಗೆ ಹೋದ್ವಿ ಅಕ್ಕಾ," ಎಂದ. "ಹೋದ ಮೇಲೆ ಅಲ್ಲಿ ಏನು ಮಾಡಬೇಕು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ."