ನಾಲ್ಕರಲ್ಲಿ ನಾಲ್ಕು

ಶಂಕರಪುರದ ವಾರಿಜಾ ಮಲ್ಲಿಗೆ ಕಟ್ಟಲು ಕೂತರೆ ಬೆರಳಿಗೆ ಕಣ್ಣು ಬೇಕಿರಲಿಲ್ಲ, ಕಣ್ಣಿಗೆ ಬೇಕಿದ್ದದ್ದು ನಿದ್ದೆ. ಗಂಡ ಮಲ್ಪೆಯ ಬೋಟು ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. 2002ರ ಹೊತ್ತಿಗೆ ಅವಳ ತಾಯಿ ಹಾಸಿಗೆ ಹಿಡಿದು, ಕಣ್ಣೂ ಕಾಣದೆ, ಇವಳ ಮನೆಯಲ್ಲೇ ಮಲಗಿದ್ದಳು. ಇವಳೂ ಸೇರಿ ಅಕ್ಕತಂಗಿಯರು ನಾಲ್ವರು. ತಿಂಗಳಿಗೆ ಒಬ್ಬೊಬ್ಬರು ಒಂದೊಂದು ವಾರ ಬಂದು ನೋಡಿಕೊಳ್ಳುವುದೆಂದು ದೇವರೆದುರೇ ಮಾತಾಗಿತ್ತು. ಕಾಪುವಿನ ಅಕ್ಕ ಸುಂದರಿಗೆ ತನ್ನ ವಾರ ಬಂದಾಗಲೇ ಸೊಂಟನೋವು. ಕಾರ್ಕಳದ ತಂಗಿ ಲೀಲಾಳ ಗಂಡನಿಗೆ ಬೇರೆಯವರ ಕೈಯಡುಗೆ ಒಗ್ಗುವುದಿಲ್ಲವಂತೆ. ಸಂತೆಕಟ್ಟೆಯ ಕಿರಿಯ ತಂಗಿ ಬೇಬಿ ಕಾರಣ ಹೇಳುವ ಗೋಜಿಗೂ ಹೋಗಲಿಲ್ಲ.

ತಾಯಿ ನೊಂದುಕೊಂಡಾಳೆಂದು ವಾರಿಜಾ ಒಂದು ಸುಳ್ಳು ಹಿಡಿದಳು. "ಇವತ್ತು ಯಾರು ಬಂದದ್ದು?" ಎಂದು ಮುದುಕಿ ಕೇಳಿದರೆ, ಯಾರ ವಾರವೋ ಅವರ ಹೆಸರು ಹೇಳಿ, ದನಿ ತುಸು ಬದಲಿಸಿ ಗಂಜಿ ಉಣಿಸುತ್ತಿದ್ದಳು.

ಒಂದು ಸಂಜೆ ಐದನೇ ತರಗತಿಯ ಮಗಳು ಕಾವ್ಯ ಭಿನ್ನರಾಶಿಯ ಲೆಕ್ಕ ತಂದಳು. ನಾಲ್ಕರಲ್ಲಿ ಒಂದಕ್ಕೆ ನಾಲ್ಕರಲ್ಲಿ ಒಂದು ಕೂಡಿಸಿ, ಎಂಟರಲ್ಲಿ ಎರಡು ಎಂದು ಬರೆದಿದ್ದಳು. ಟೀಚರು ಕೆಂಪು ಗೀಟು ಎಳೆದಿದ್ದರು.

"ನಾಲ್ಕು ಚೆಂಡು ಮಲ್ಲಿಗೆ ಸೇರಿದ್ರೆ ಒಂದು ಅಟ್ಟೆ, ಅಲ್ವಾ?" ವಾರಿಜಾ ಕಟ್ಟಿ ಸುತ್ತಿಟ್ಟಿದ್ದ ಒಂದು ಚೆಂಡಿನ ಪಕ್ಕ ಇನ್ನೊಂದನ್ನಿಟ್ಟಳು. "ಈಗ ಎರಡು ಉಂಟು. ಹಾಗಂತ ಅಟ್ಟೆಗೆ ಎಂಟು ಚೆಂಡು ಆಯ್ತಾ? ಅಟ್ಟೆ ಅಷ್ಟೇ ಇರ್ತದೆ ಮಗಾ. ಮೇಲಿನದ್ದು ಮಾತ್ರ ಕೂಡಿಸು. ನಾಲ್ಕರಲ್ಲಿ ಎರಡು."

ಕಾವ್ಯ ತಲೆಯಾಡಿಸಿದಳು. ಆಮೇಲೆ ಒಳಕೋಣೆಯ ಕಡೆ ನೋಡಿ, "ಅಜ್ಜಿದೂ ಹಾಗೆಯೇ ಅಲ್ವಾ ಅಮ್ಮ? ನಿನ್ನದೊಂದು ವಾರ, ದೊಡ್ಡಮ್ಮನದ್ದೊಂದು, ಚಿಕ್ಕಮ್ಮಂದಿರದ್ದು ಎರಡು. ನಾಲ್ಕರಲ್ಲಿ ನಾಲ್ಕು. ಎಲ್ಲ ನೀನೇ," ಎಂದಳು.

ವಾರಿಜಾಳ ಕೈ ನಿಂತಿತು. ಪ್ರತಿ ಸಲವೂ ಇದೊಂದು ವಾರ ತಾನೆ ಎಂದುಕೊಂಡೇ ಅವಳು ಇಷ್ಟನ್ನೂ ಹೊತ್ತಿದ್ದಳು. ಸಾಕಾಗಿಹೋಗಿತ್ತು. ಹೆತ್ತವಳಿಗಾದರೂ ಗೊತ್ತಾಗಲಿ ಎಂದು ಬಾಳೆನಾರು ಬದಿಗಿಟ್ಟು ಎದ್ದು ಒಳಗೆ ಹೋದಳು.

"ಯಾರು? ಬೇಬಿಯಾ?" ಎಂದಳು ಮುದುಕಿ. ಅದು ಬೇಬಿಯ ವಾರ.

"ಬೇಬಿ ಅಲ್ಲ ಅಮ್ಮ. ನಾನು, ವಾರಿಜಾ. ಎಲ್ಲ ವಾರವೂ ನಾನೇ. ಅವರು ಯಾರೂ ಬರ್ಲೇ ಇಲ್ಲ."

ಮುದುಕಿ ತಡವಿ ಮಗಳ ಕೈ ಹಿಡಿದಳು. "ಗೊತ್ತುಂಟು. ನಿನ್ನ ಕೈ ನನಗೆ ಗೊತ್ತಾಗುದಿಲ್ವಾ? ಹೆಸರು ಕೇಳಿದ್ರೆ ಅವರು ಬಂದ ಹಾಗೆ ಆಗ್ತಿತ್ತು."

ವಾರಿಜಾಳಿಗೆ ಅಳಲೂ ತ್ರಾಣವಿರಲಿಲ್ಲ. ಗಂಜಿಯ ಬಟ್ಟಲು ತಂದು ಮಗ್ಗುಲಲ್ಲಿ ಕೂತಳು. ಚಮಚವನ್ನು ತಾಯಿಯ ತುಟಿಗೆ ತಾಗಿಸಿ, "ಬಾಯಿ ತೆಗಿ ಅಮ್ಮ, ನಾನು ಬೇಬಿ," ಎಂದಳು.