ಮೂರನೇ ಕೂಗು

ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ, ಮೊಸರು ಕಡೆದು ಬೆಣ್ಣೆ ತೆಗೆದಿಟ್ಟೆ. ಅಟ್ಟ ಹತ್ತಿ, ಕೊಬ್ಬರಿಗೆಂದು ಬಿಟ್ಟಿರುವ ಕಾಯಿಗಳಲ್ಲಿ ಸೋರುತ್ತಿದ್ದ ಎರಡನ್ನು ಹುಡುಕಿ ಕೆಳಗೆ ಹಾಕಿದೆ. ಹಾಗೇ ಬಿಟ್ಟರೆ ವಾರದೊಳಗೆ ಮನೆಯೆಲ್ಲ ನಾರುತ್ತದೆ. ಯಜಮಾನರ ಅಂಗಿ ನೆನೆಹಾಕಿದೆ. ಹತ್ತು ಗಂಟೆಗೆ ಮಾಯಸಂದ್ರದಿಂದ ನಮ್ಮ ದೊಡ್ಡಪ್ಪನ ಮಗಳು ಗಿರಿಜಕ್ಕ ಬಂದಳು. ತಿಪಟೂರಿಗೆ ಬರುವುದೆಂದರೆ ಅವಳಿಗೆ ಮಂಡಿ ತೋರಿಸಲು ಬರುವುದು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದೆ. ಊಟವಾದ ಮೇಲೆ ಇಬ್ಬರೂ ಹಿತ್ತಿಲ ಜಗುಲಿಯ ಮೇಲೆ ಕೂತು ಅಲಸಂದೆ ಕಾಯಿ ಬಿಡಿಸಿದೆವು. ಅವಳು ಕುರ್ಚಿಯ ಮೇಲೆ, ಬಲಗಾಲು ನೆಟ್ಟಗೆ ಮುಂದಕ್ಕೆ ಚಾಚಿಕೊಂಡು. ನಾನು ಕೆಳಗೆ.

ಆಗಲೇ ನನ್ನ ಮಗಳು ನಂದಿನಿ ಫೋನು ಹಿಡಿದುಕೊಂಡು ಬಂದಳು.

"ಅಮ್ಮ, ಭಾನುವಾರ ಕಾಲೇಜಿನೋರೆಲ್ಲ ಟ್ರೆಕ್ಕಿಂಗ್ ಹೋಗ್ತಿದೀವಿ. ಫಾಲ್ಸ್ ನೋಡು, ಹೆಂಗಿದೆ! ನಿಮ್ಮೂರ ಹಿಂದೇನೇ ಅಂತೆ."

ಗಿರಿಜಕ್ಕ ಕನ್ನಡಕ ಹಾಕಿಕೊಂಡು ಫೋನನ್ನು ದೂರ ಹಿಡಿದು ನೋಡಿದಳು. "ಈ ಸಲ ಜಡೆ ಚೆನ್ನಾಗಿ ಬಿಟ್ಟಿದೆ" ಅಂದಳು.

"ನೀವು ಹತ್ತಿದೀರಾ ದೊಡ್ಡಮ್ಮ?"

"ಹತ್ತಿದೀನಿ ಕಣೇ. ಇಳಿಯೋದು ಸರಿಯಾಗಿ ಆಗ್ಲಿಲ್ಲ, ಅಷ್ಟೆ."

ನಂದಿನಿ ನಕ್ಕು ಒಳಗೆ ಹೋದಳು. ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.

ಆಗೆಲ್ಲ ನಮ್ಮೂರಿನವರಿಗೆ ಅದು ಫಾಲ್ಸ್ ಅಲ್ಲ, ಜಡೆ. ಕಂದಿಕೆರೆಯ ಕಡೆ ಸಾಲಾಗಿ ನಿಂತ ಗುಡ್ಡಗಳಲ್ಲಿ ಒಂದರ ಮಗ್ಗುಲಿಗೆ ನಮ್ಮೂರು. ವರ್ಷದ ಹತ್ತು ತಿಂಗಳು ಆ ಗುಡ್ಡ ಬರೀ ಬಂಡೆ, ಒಣಹುಲ್ಲು. ಹಿಂಗಾರು ನಾಲ್ಕು ದಿನ ಕಚ್ಚಿಕೊಂಡು ಸುರಿದರೆ ಮಾತ್ರ ಮೇಲಿನಿಂದ ಒಂದು ಬಿಳೀ ಎಳೆ ಇಳಿಯುತ್ತಿತ್ತು. ತೆಂಗಿನ ತೋಟದಲ್ಲಿ ನಿಂತು ಯಾರೋ ಒಬ್ಬರು "ಗುಡ್ಡ ಜಡೆ ಬಿಡ್ತು ಕಣ್ರೋ" ಅನ್ನುತ್ತಿದ್ದರು. ಹದಿನೈದು ಇಪ್ಪತ್ತು ದಿನ ಹರಿದು ಮತ್ತೆ ಬತ್ತುತ್ತಿತ್ತು. ಅದೇ ಹೊತ್ತಿಗೆ ದಸರಾ ರಜೆ. ಅದೇ ಹೊತ್ತಿಗೆ ಗುಡ್ಡದ ಮೇಲೆ ಸೀತಾಫಲ. ಮೂರೂ ಒಟ್ಟಿಗೆ ಬಂದರೆ ಮಕ್ಕಳನ್ನು ಹಿಡಿದಿಡುವುದಾದರೂ ಹೇಗೆ?

ನಮ್ಮಜ್ಜಿ ಹಿಡಿದಿಡುತ್ತಿದ್ದಳು. ಸಂಜೆ ಹಣೆಗೆ ವಿಭೂತಿ ಹಚ್ಚಿ, ನಮ್ಮನ್ನೆಲ್ಲ ಅಟ್ಟದ ಏಣಿಯ ಕೆಳಗೆ ಕೂರಿಸಿಕೊಂಡು, ಕೈತುತ್ತು ಹಾಕುತ್ತಾ ಹೇಳುತ್ತಿದ್ದಳು. ಜಡೆಯ ಹತ್ತಿರ ಒಬ್ಬಳಿದ್ದಾಳೆ. ಯಾವ ಕಾಲದಲ್ಲೋ ಸೌದೆಗೆ ಹೋಗಿ ಜಾರಿ ಬಿದ್ದವಳು. ಒಬ್ಬಳೇ ಇದ್ದು ಬೇಜಾರಾಗಿ ಜೊತೆಗೆ ಜನ ಕರೆಯುತ್ತಾಳೆ. ನಮಗೆ ಗೊತ್ತಿರುವವರ ದನಿಯಲ್ಲೇ, ನಮ್ಮ ಹೆಸರು ಹಿಡಿದೇ ಕರೆಯುತ್ತಾಳೆ.

"ಒಂದನೇ ಕೂಗಿಗೆ ಓ ಅನ್ಬ್ಯಾಡಿ. ಎರಡನೇದಕ್ಕೂ ಅನ್ಬ್ಯಾಡಿ, ತಿರುಗಿ ನೋಡ್ಬ್ಯಾಡಿ. ಮೂರನೇದಕ್ಕೆ ಓ ಅನ್ನಿ. ಅವಳಿಗೆ ಮೂರನೇ ಸಲ ಕೂಗೋಕೆ ಬರಲ್ಲ."

"ಯಾಕೆ ಬರಲ್ಲ ಅಜ್ಜಿ?" ಅಂತ ಗಿರಿಜಕ್ಕ ಕೇಳಿದರೆ, "ಬಂದಿದ್ರೆ ನಿನ್ನನ್ನ ಯಾವತ್ತೋ ಕರ್ಕೊಂಡು ಹೋಗಿರೋಳು, ನಮ್ಮ ತಲೆನೋವು ಕಳೀತಿತ್ತು. ಸುಮ್ನೆ ಉಣ್ಣು" ಅನ್ನುತ್ತಿದ್ದಳು.

ಆಗ ನನಗೆ ಹತ್ತು ವರ್ಷ, ಗಿರಿಜಕ್ಕನಿಗೆ ಹದಿಮೂರು. ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಒಂಟಿ ಕಾಲಲ್ಲಿ ಎಂಟು ಮನೆ ದಾಟಿ, ಬೇಕೆಂದೇ ಒಂಬತ್ತನೆಯದರಲ್ಲಿ ನಿಂತು, ಆ ಕಾಲಲ್ಲೇ ಗಿರ್ರನೆ ತಿರುಗಿ ನಮ್ಮನ್ನೆಲ್ಲ ಅಣಕಿಸುವಳು. ನನ್ನ ಹೆಸರು ಶಾರದಮ್ಮ. ಅಜ್ಜಿಯ ಹೆಸರು ಅನ್ನುವ ಕಾರಣಕ್ಕೆ ಮನೆಯಲ್ಲಿ ಯಾರೂ ಅದನ್ನು ಮೊಟಕು ಮಾಡುತ್ತಿರಲಿಲ್ಲ. ಗಿರಿಜಕ್ಕ ಒಬ್ಬಳು ಮಾತ್ರ ಶಾರೀ ಅನ್ನುತ್ತಿದ್ದಳು. ಕೊನೆಯ ಅಕ್ಷರವನ್ನು ಗಾಳಿಪಟದ ದಾರದ ಹಾಗೆ ಉದ್ದಕ್ಕೆ ಬಿಡುತ್ತಿದ್ದಳು.

ಆಯುಧಪೂಜೆಯ ಮಾರನೇ ದಿನ. ಮನೆಯಲ್ಲಿ ಇನ್ನೂ ಬೂದುಗುಂಬಳದ, ಕರ್ಪೂರದ ವಾಸನೆ ಇತ್ತು.

"ಶಾರೀ, ಬತ್ತೀಯೇನೇ? ಜಡೆ ಪಕ್ಕದ ಗಿಡದಲ್ಲಿ ಸೀತಾಫಲ ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಾ ಕೂತವೆ."

"ಅಜ್ಜಿ?"

"ತೋಟಕ್ಕೆ ಗರಿ ಆಯೋಕೆ ಹೋಗ್ತೀವಿ ಅಂತೀನಿ. ಬರೋದಾದ್ರೆ ಬಾ, ಇಲ್ಲಾಂದ್ರೆ ಇಲ್ಲೇ ಕೂತು ಗಜ್ಜುಗ ಎಣಿಸು."

ಒಂದು ಬಟ್ಟೆಯಲ್ಲಿ ಎರಡು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ತುಂಡು ಬೆಲ್ಲ ಕಟ್ಟಿಕೊಂಡು ಹೊರಟೆವು. ತೋಟ ಮುಗಿದು, ಹುರುಳಿ ಹೊಲ ಮುಗಿದು ಗುಡ್ಡ ಶುರುವಾಯಿತು. ನೆನೆದ ಹುಲ್ಲು ತುಳಿದರೆ ನಿಂಬೆಯ ವಾಸನೆ. ಗಿರಿಜಕ್ಕ ಜಡೆಯ ಹತ್ತಿರ ನಿಲ್ಲದೆ ನೇರ ನೆತ್ತಿಗೇ ಹತ್ತಿಸಿದಳು. ಮೇಲೆ ನಿಂತಾಗ ನನಗೆ ಉಸಿರೇ ಇರಲಿಲ್ಲ. ಕೆಳಗೆ ನಾವು ದಿನಾ ಓಡಾಡುವ ತೋಟಗಳೆಲ್ಲ ಸೇರಿ ಒಂದೇ ಕಂಬಳಿಯಾಗಿದ್ದವು. ಅಲ್ಲಲ್ಲಿ ಹರಿದ ಕಡೆ ಕೆರೆ ಹೊಳೆಯುತ್ತಿತ್ತು.

"ಆ ಕೊನೇಲಿ ಕಾಣೋದು ಯಾವೂರು ಅಕ್ಕ?"

"ನಂಗೇನ್ ಗೊತ್ತು? ದೊಡ್ಡೋಳಾದ್ಮೇಲೆ ಅಲ್ಲಿಗೆ ಹೋಗಿ ಕೇಳ್ಕೊಂಡು ಬಂದು ಹೇಳ್ತೀನಿ, ಇರು."

ರೊಟ್ಟಿ ತಿಂದು ಇಳಿದು ಜಡೆಯ ತಲೆಯ ಹತ್ತಿರ ಬಂದೆವು. ಅಲ್ಲೊಂದು ಅಗಲವಾದ ಹಾಸುಬಂಡೆ. ಅದರ ಮೇಲೆ ಹಿಮ್ಮಡಿ ಮುಳುಗುವಷ್ಟು ನೀರು ತೆಳ್ಳಗೆ ಹರಿದು, ಅಂಚಿನಲ್ಲಿ ಒಮ್ಮೆಗೇ ಕೆಳಗೆ ಬೀಳುತ್ತಿತ್ತು. ಗಿಡ ಆ ಕಡೆಗೆ, ಅಂಚಿಗೆ ಹತ್ತಿರ. ಗಿರಿಜಕ್ಕ ನನ್ನನ್ನು ಈ ಕಡೆ ಒಣಬಂಡೆಯ ಮೇಲೆ ಕೂರಿಸಿದಳು. "ನೀನು ಬರಬ್ಯಾಡ, ಪಾಚಿ ಐತೆ" ಅಂದು, ಲಂಗ ಎತ್ತಿ ಸಿಕ್ಕಿಸಿಕೊಂಡು ದಾಟಿದಳು. ಒಂದು ಮಡಿಲು ಕಾಯಿ ತಂದು ನನ್ನ ಮುಂದೆ ಸುರಿದಳು. "ಕಣ್ಣು ಬಿಟ್ಟಿದ್ದು ಒಂದ್ಕಡೆ, ಬಿಡದಿದ್ದು ಒಂದ್ಕಡೆ ಮಾಡು" ಅಂದು ಮತ್ತೆ ಹೋದಳು.

ನಾನು ನೀರಿಗೆ ಬೆನ್ನು ಹಾಕಿ ಕೂತಿದ್ದೆ. ಅಜ್ಜಿಯ ಮಾತು ನೆನಪಾಗಿ, ಬೇಕೆಂದೇ ಹಾಗೆ ಕೂತಿದ್ದೆ. ಒಂದು ಹಣ್ಣು ಕೈಯಲ್ಲೇ ಬಿರಿಯಿತು. ಬಾಯಿಗಿಟ್ಟುಕೊಂಡೆ.

"ಶಾರೀ..."

ತಲೆ ಎತ್ತಿದೆ. ಓ ಅನ್ನಲಿಲ್ಲ, ತಿರುಗಲಿಲ್ಲ.

"ಶಾರೀ!"

ಎರಡು. ಬಾಯೊಳಗಿನ ಬೀಜವನ್ನೂ ಅಲ್ಲಾಡಿಸದೆ ಕೂತೆ. ಈಗ ಮೂರನೆಯದು ಬಂದರೆ ಅಕ್ಕ, ಬರದಿದ್ದರೆ ಅವಳು. ಕಾದೆ. ನೀರಿನ ಸದ್ದು ಒಂದೇ ಸಮ ಬರುತ್ತಿತ್ತು. ಮೂರನೆಯದು ಬರಲಿಲ್ಲ.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆಗ ನನಗೆ ಖುಷಿಯಾಯಿತು. ಅಜ್ಜಿ ಹೇಳಿದ್ದು ನಿಜ, ಅವಳು ಕರೆದಳು, ನಾನು ಮೋಸ ಹೋಗಲಿಲ್ಲ. ಆ ಹಣ್ಣನ್ನು ಪೂರ್ತಿ ತಿಂದೆ. ಬೀಜಗಳನ್ನು ಬಂಡೆಯ ಮೇಲೆ ಸಾಲಾಗಿ ಇಟ್ಟೆ. ಇನ್ನೊಂದನ್ನೂ ತಿಂದೆ. ಅಕ್ಕ ಬಂದರೆ ಹೇಳಬೇಕು ಅಂದುಕೊಂಡು ಆಮೇಲೆ ತಿರುಗಿದೆ.

ಬಂಡೆಯ ಮೇಲೆ ಯಾರೂ ಇರಲಿಲ್ಲ. ಹಸಿರು ಕಾಯಿಗಳು ನೀರಲ್ಲಿ ಉರುಳಾಡುತ್ತಾ, ಒಂದೊಂದಾಗಿ ಅಂಚಿನವರೆಗೆ ಹೋಗಿ ಕಾಣೆಯಾಗುತ್ತಿದ್ದವು.

ನಾನು ಇಳಿಜಾರಲ್ಲಿ ಬಿದ್ದು ಎದ್ದು ಓಡಿದೆ. ಬಾಯಿಂದ ಸದ್ದು ಹೊರಡಲಿಲ್ಲ. ಗುಡ್ಡದ ಬುಡದ ಹಟ್ಟಿಯ ಕೆಂಚಕ್ಕ ಉದ್ದನೆಯ ದೋಟಿಯಿಂದ ಮೇಕೆಗೆ ಸೊಪ್ಪು ಇಳಿಸುತ್ತಿದ್ದವಳು, ನನ್ನ ಮುಖ ನೋಡಿಯೇ ಅದನ್ನು ಎತ್ತಿಕೊಂಡು ಬಂದಳು. ಮೇಲೆ ಬಂದವಳು ನೀರಿಗಿಳಿಯಲಿಲ್ಲ. ಅಂಚಿನ ಪಕ್ಕದಲ್ಲಿ ನಿಂತು, ಬಾಯಿಗೆ ಎರಡೂ ಕೈ ಹಿಡಿದು "ಕೂ..." ಅಂದಳು.

ಕೆಳಗಿನಿಂದ ತೆಳ್ಳಗೆ "ಓ" ಅಂತ ಬಂತು.

ಅಂಚಿನಿಂದ ಒಂದೂವರೆ ಆಳು ಕೆಳಗೆ, ನೀರು ಬೀಳುವ ಜಾಗದ ಪಕ್ಕದಲ್ಲಿ, ಒಂದು ಚಾಚುಬಂಡೆಯ ಮೇಲೆ ಗಿರಿಜಕ್ಕ ಬಿದ್ದಿದ್ದಳು. ಬಲಗಾಲು ಬಂಡೆಯ ಸಂದಿಯಲ್ಲಿ ತಿರುಚಿ ಸಿಕ್ಕಿಕೊಂಡಿತ್ತು. ಕೆಂಚಕ್ಕ ನನ್ನನ್ನು ಒಂದು ಮರ ತಬ್ಬಿ ಕೂರಲು ಹೇಳಿದಳು. ಮೇಕೆಗಳು ಹತ್ತುವ ಕೊರಕಲಲ್ಲಿ ತಾನೇ ಇಳಿದಳು. ಕಾಲು ಬಿಡಿಸುವಾಗ ಗಿರಿಜಕ್ಕ ಕಿರುಚಿದ್ದು ನೀರಿನ ಸದ್ದನ್ನೂ ಮೀರಿ ಕೇಳಿಸಿತು. ಅವಳನ್ನು ತನ್ನ ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ದೋಟಿ ಊರಿಕೊಂಡು ಕೆಂಚಕ್ಕ ಮೇಲೆ ಬಂದಳು. ನೆಲಕ್ಕೆ ಇಳಿಸಿದ ಮೇಲೆ ಕೇಳಿದ ಮೊದಲ ಮಾತು ಇದು:

"ಈ ಮಗ ಇಲ್ಲೇ ಇತ್ತಲ್ಲ, ನೀನು ಕೂಗ್ಲಿಲ್ವೇನವ್ವ?"

ಗಿರಿಜಕ್ಕ ನನ್ನ ಕಡೆ ನೋಡಿದಳು. ತುಟಿ ನೀಲಿಯಾಗಿತ್ತು.

"ಇಲ್ಲ ಕೆಂಚಕ್ಕ. ಕೂಗೋಕೇ ಆಗ್ಲಿಲ್ಲ."

"ಕೂಗ್ಬೇಕು ಕಣವ್ವ. ಗುಡ್ಡದಾಗೆ ಒಂದು ಕೂಗು ಬಿದ್ರೆ ಸಾಕು, ನಮ್ಮ ಹಟ್ಟಿಯೋರು ಯಾರು ಏನು ಅಂತ ನೋಡಲ್ಲ, ಓ ಅಂತೀವಿ. ದೆವ್ವಾನೇ ಕೂಗಿದ್ರೂ ಅಂತೀವಿ. ಪಾಪ, ಅದಕ್ಕೂ ಏನು ಕಷ್ಟ ಬಂದಿರ್ತದೋ."

ಮನೆಯಲ್ಲಿ ಗಿರಿಜಕ್ಕನನ್ನು ನಡುಮನೆಯಲ್ಲಿ ಮಲಗಿಸಿದರು. ಮೂಳೆ ಕಟ್ಟುವವರು ಬಂದು ಬಿದಿರು ದಬ್ಬೆ ಇಟ್ಟು ಕಟ್ಟಿದರು. ಅಜ್ಜಿ ನನ್ನನ್ನು ಎಳೆದು ಕೂರಿಸಿಕೊಂಡು ಕೇಳಿದಳು: "ನಿಜ ಹೇಳು, ಅಲ್ಲಿ ನಿನ್ನ ಯಾರಾದ್ರೂ ಕೂಗಿದ್ರಾ?"

"ಎರಡು ಸಲ" ಅಂದೆ. "ಅಕ್ಕನ ದನೀಲಿ. ನಾನು ಓ ಅನ್ಲಿಲ್ಲ."

ಅಜ್ಜಿಯ ಕಣ್ಣು ತುಂಬಿತು. "ಗಿರಿಜಾ, ನೀನು ಕೂಗಿದ್ಯೇನೇ?"

"ಇಲ್ಲ ಅಜ್ಜಿ."

"ಹಂಗಾದ್ರೆ ಅವಳೇ! ಒಬ್ಬಳನ್ನ ಬೀಳಿಸಿ, ಇನ್ನೊಬ್ಬಳನ್ನ ಕರೆದವಳೆ. ಜಾಣೆ ಕಣವ್ವ ನೀನು, ಬದುಕ್ಕೊಂಡೆ" ಅಂದು ನನ್ನ ಹಣೆಗೆ ವಿಭೂತಿ ಹಚ್ಚಿ ತಬ್ಬಿಕೊಂಡಳು. ಅಜ್ಜಿಯ ತೋಳಿನ ಸಂದಿಯಿಂದ ನನಗೆ ಕಂಡಿತು: ಗಿರಿಜಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಊರಲ್ಲಿ ನಾನು ದೊಡ್ಡ ಜಾಣೆಯಾಗಿಬಿಟ್ಟೆ. ನೀರು ಸೇದಲು ಹೋದರೆ ಹೆಂಗಸರು ತಮ್ಮ ಮಕ್ಕಳಿಗೆ ನನ್ನನ್ನು ತೋರಿಸಿ, "ನೋಡು, ಈ ಅಕ್ಕನ್ನ ಕೂಗಿದ್ಲಂತೆ, ಇವಳು ತಿರುಗಲೇ ಇಲ್ವಂತೆ" ಅನ್ನುತ್ತಿದ್ದರು. ನಾನು ತಲೆ ಬಗ್ಗಿಸಿ ನಿಲ್ಲುತ್ತಿದ್ದೆ. ಅದನ್ನೂ ಅವರು ಸಂಕೋಚ ಅಂದುಕೊಂಡರು. ದಬ್ಬೆ ಬಿಚ್ಚಿದ ಮೇಲೆ ಗಿರಿಜಕ್ಕನ ಮಂಡಿ ಮಡಚಲಿಲ್ಲ. ಕಂದಿಕೆರೆಯ ಹೈಸ್ಕೂಲಿಗೆ ಮೂರು ಮೈಲಿ ನಡೆಯಬೇಕಿತ್ತು. ಅವಳು ಮನೆಯಲ್ಲೇ ಉಳಿದಳು. ಕುಂಟೆಬಿಲ್ಲೆಯ ಮನೆಗಳನ್ನು ಅಂಗಳದಲ್ಲಿ ಮತ್ತೆ ಬರೆದವರಿಲ್ಲ. ಇನ್ನೊಂದು ಸಂಗತಿ ನನಗೆ ತಿಳಿಯಲು ಎಷ್ಟೋ ತಿಂಗಳು ಹಿಡಿಯಿತು: ಅವಳು ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿದ್ದಳು. "ಏನೇ", "ಇವಳೇ", "ನೋಡಿಲ್ಲಿ", ಇಷ್ಟೇ. ಪ್ರೀತಿಯಲ್ಲಿ ಕಡಿಮೆ ಇರಲಿಲ್ಲ. ನನ್ನ ಮದುವೆಗೆ ಹೂವು ಕಟ್ಟಿದವಳು ಅವಳು, ಬಾಣಂತನಕ್ಕೆ ಖಾರ ಕುಟ್ಟಿ ಕಳಿಸಿದವಳು ಅವಳು. ಹೆಸರು ಮಾತ್ರ ಇಲ್ಲ.

ಇವತ್ತು ನಂದಿನಿ ಒಳಗೆ ಹೋದ ಮೇಲೆ ಜಗುಲಿಯಲ್ಲಿ ನಾವಿಬ್ಬರೇ. ನಲವತ್ತು ವರ್ಷ ಒಳಗೇ ಇದ್ದದ್ದು ಹೊರಗೆ ಬಂತು.

"ಅಕ್ಕ, ಅವತ್ತು ನನಗೆ ಕೇಳಿಸಿದ್ದು ನಿನ್ನ ಕೂಗೇ."

ಅವಳು ಸಿಪ್ಪೆಯನ್ನು ಮೊರದ ಒಂದು ಬದಿಗೆ ತಳ್ಳಿದಳು. "ಗೊತ್ತು ಕಣೇ. ಅಂಚಲ್ಲಿ ಬೇರು ಹಿಡ್ಕೊಂಡು ನೇತಾಡ್ತಿದ್ನಲ್ಲ, ನಿನ್ನ ಬೆನ್ನು ಕಾಣ್ತಿತ್ತು. ಮೊದಲನೇ ಸಲ ಕೂಗಿದಾಗ ನೀನು ತಲೆ ಎತ್ತಿದೆ."

"ಮತ್ತೆ ಮೂರನೇದು ಯಾಕೆ ಕೂಗ್ಲಿಲ್ಲ?"

"ಕೂಗಿದ್ರೆ ನೀನು ಬಂದುಬಿಡ್ತಿದ್ದೆಯಲ್ಲೇ."

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು, ಕಾಯಿ ಬಿಡಿಸುವುದನ್ನು ನಿಲ್ಲಿಸದೆ. "ಪಾಚಿ ಮೇಲೆ ಓಡ್ಬತ್ತಿದ್ದೆ. ನನ್ನನ್ನೇ ನಿಲ್ಲಿಸದ ಬಂಡೆ ನಿನ್ನ ನಿಲ್ಲಿಸ್ತಿತ್ತಾ? ಮೂರನೇದು ಬಾಯಿಗೆ ಬಂದಿತ್ತು. ನುಂಗ್ಕೊಂಡೆ. ಅಷ್ಟರಲ್ಲಿ ಕೈಯೂ ಸೋತಿತ್ತು, ಬಿಟ್ಟೆ."

ಅಟ್ಟದಲ್ಲಿ ಇಲಿಯೊಂದು ಓಡಿ ಕಾಯಿಯೊಂದು ಉರುಳಿತು.

"ಆಮೇಲೆ ಆ ಹೆಸರು ನಾಲಿಗೆಗೆ ಬಂದ್ರೆ ನೀರಿನ ಸದ್ದು ಕೇಳ್ತಿತ್ತು" ಅಂದಳು. "ಬುಡು. ಮಗೂನ ತಡೀಬ್ಯಾಡ, ಹೋಗ್ಲಿ. ನೆತ್ತಿ ಮೇಲಿಂದ ಒಂದ್ಸಲ ನೋಡ್ಲಿ. ಅಷ್ಟು ದೂರ ನಾನು ಆಮೇಲೆ ಯಾವತ್ತೂ ನೋಡ್ಲಿಲ್ಲ ಕಣೇ."

ಗಿರಿಜಕ್ಕ ಉಳಿಸಿದ ಜೀವವನ್ನು ತನ್ನ ಕಟ್ಟಳೆಯೇ ಉಳಿಸಿತು ಅಂದುಕೊಂಡೇ ಅಜ್ಜಿ ಸತ್ತಳು. ಕೆಂಚಕ್ಕನೂ ಈಗಿಲ್ಲ. ಸೀತಾಫಲ ಸಂತೆಯಲ್ಲಿ ಬುಟ್ಟಿಗಟ್ಟಲೆ ಸಿಗುತ್ತದೆ, ಗುಡ್ಡಕ್ಕೆ ಅರ್ಧ ದಾರಿವರೆಗೆ ಕಾರು ಹೋಗುತ್ತದಂತೆ. ಹೋದದ್ದು ಯಾವುದು ಅಂತ ಲೆಕ್ಕ ಹಾಕಿದರೆ ನನಗೆ ಎರಡೇ ತೋರುತ್ತವೆ. ಒಂಟಿ ಕಾಲಲ್ಲಿ ಗಿರ್ರನೆ ತಿರುಗುತ್ತಿದ್ದ ಒಬ್ಬ ಹುಡುಗಿ. ಶಾರೀ ಅನ್ನಿಸಿಕೊಳ್ಳುತ್ತಿದ್ದ ಇನ್ನೊಬ್ಬಳು. ಆ ಬಂಡೆಯಿಂದ ಇಬ್ಬರೂ ಇಳಿದು ಬರಲಿಲ್ಲ.

ರಾತ್ರಿಗೆ ಮುದ್ದೆ, ಅಲಸಂದೆ ಕಾಳಿನ ಸಾರು ಮಾಡಿದೆ. ಬೆಳಗಿನ ಬೆಣ್ಣೆ ಕಾಯಿಸಿ ಮುದ್ದೆಯ ಮೇಲೆ ತುಪ್ಪ ಹಾಕಿದೆ. ಗಿರಿಜಕ್ಕ ಅರ್ಧ ಮುದ್ದೆ ಸಾಕು ಅಂದವಳು ಒಂದೂವರೆ ಉಂಡಳು. ಯಜಮಾನರಿಗೆ ಸಾರಿಗೆ ಉಪ್ಪು ಕಡಿಮೆ ಅನ್ನಿಸಿತು. ನಂದಿನಿ ಫೋನು ನೋಡುತ್ತಲೇ ಉಂಡಳು. ಮಾತ್ರೆ ನುಂಗಿ, ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು, ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಗಿರಿಜಕ್ಕ.