ಎಲ್ಲರ ಹೆಸರೂ ಮಗಾ

ಅಮೆರಿಕದ ಕ್ಯಾರಿ ಊರಿನಲ್ಲಿ ನಮ್ಮ ಕನ್ನಡಿಗರ ಭಾನುವಾರದ ಕ್ರಿಕೆಟ್ಟಿಗೆ ವೇಲ್ಸ್ ದೇಶದ ಮುದುಕರೊಬ್ಬರು ಅಂಪೈರ್ ಆಗಿದ್ದರು. ನಾವು ಬೌಲರ್‌ಗೆ "ಸೂಪರ್ ಮಗಾ!" ಎಂದು ಕೂಗುವುದನ್ನು ಕೇಳಿ, ಮಗಾ ಎಂಬುದು ಅವನ ಹೆಸರೆಂದೇ ತಿಳಿದಿದ್ದರು. ಬೌಲರ್ ಬದಲಾದರೂ ಹೆಸರು ಬದಲಾಗದಿದ್ದಾಗ, "ನಿಮ್ಮಲ್ಲಿ ಮಗಾ ಅಂತ ಎಷ್ಟು ಜನ ಇದ್ದಾರೆ?" ಎಂದು ಗಂಭೀರವಾಗಿಯೇ ವಿಚಾರಿಸಿದ್ದರು.

ಓವರ್‌ಗಳ ನಡುವೆ ಬಿಳಿ ಟೋಪಿ ಸರಿಮಾಡಿಕೊಳ್ಳುತ್ತಾ ತಮ್ಮೂರಿನ ಪುಟ್ಟ ಕ್ಲಬ್ಬಿನ ಚರಿತ್ರೆ ಹೇಳುತ್ತಿದ್ದರು. ಕಲ್ಲಿದ್ದಲ ಗಣಿ ಮುಚ್ಚಿತು, ಹೊಳೆ ಉಕ್ಕಿ ಪಿಚ್ ಮುಳುಗಿತು, ಪೆವಿಲಿಯನ್ನಿನ ಸೂರು ಗಾಳಿಗೆ ಹಾರಿತು. ಪ್ರತಿ ಕಥೆಯ ಕೊನೆಗೂ ಒಂದೇ ಮಾತು: "ಆದರೂ ಶನಿವಾರ ಆಡಿದೆವು."

ಕೋವಿಡ್ ಕಳೆದ ಮೇಲೆ ಒಂದು ದಿನ ಆ ಮಾತು ಬರಲಿಲ್ಲ. ಊರಿನಲ್ಲಿ ಹನ್ನೊಂದು ಜನ ಸೇರುತ್ತಿಲ್ಲ, ಈ ಸೀಸನ್ನಿಗೂ ಸಿಗದಿದ್ದರೆ ಕ್ಲಬ್ ಮುಚ್ಚುತ್ತಾರೆ ಎಂದಷ್ಟೇ ಹೇಳಿ ಸ್ಟಂಪಿನ ಹಿಂದೆ ಹೋಗಿ ನಿಂತರು. ಆಮೇಲೆ ನಾವು ಮಾಡಿದ ಅಪೀಲು ಅವರ ಕಿವಿಗೇ ಬೀಳಲಿಲ್ಲ.

"ಬಿಡ್ರೋ, ಅಂಕಲ್ ಮೂಡ್ ಸರಿ ಇಲ್ಲ ಇವತ್ತು. ಕಂಟಿನ್ಯೂ ಮಾಡಣ," ಎಂದ ನಮ್ಮ ಕ್ಯಾಪ್ಟನ್.

ಮೇ ತಿಂಗಳಲ್ಲಿ, ನಾವು ನೀರು ಕುಡಿಯುತ್ತಿದ್ದಾಗ, ಅಂಪೈರ್ ಫೋನ್ ಹಿಡಿದು ಓಡಿಬಂದರು. ಅವರೂರಿನಿಂದ ಹಿಂದಿನ ದಿನದ ಆಟದ ವಿಡಿಯೋ ಬಂದಿತ್ತು. ಒದ್ದೆ ಹುಲ್ಲು, ಹಿಂದೆ ಗುಡ್ಡ. ವಿಕೆಟ್ ಬಿದ್ದದ್ದೇ ತಡ, ಯಾರೋ ಗಂಟಲು ಹರಿಯುವಂತೆ ಕೂಗಿದರು: "ಸೂಪರ್ ಮಗಾ!"

ಅಲ್ಲಿನ ಆಸ್ಪತ್ರೆಗೆ ಬಂದ ನಮ್ಮ ಕಡೆಯ ಇಬ್ಬರು ಡಾಕ್ಟರುಗಳು ಟೀಮ್ ಸೇರಿದ್ದರಂತೆ.

ಅಂಪೈರ್ ಟೋಪಿ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. "ಶನಿವಾರ ಆಡಿದೆವು," ಎಂದರು. "ನಮಗೂ ಒಬ್ಬ ಮಗಾ ಸಿಕ್ಕಿದ."